ರಹಮತ್ ಸಾಬರ ಡ್ರಮ್ಮು, ನನ್ನ ಮೂಗು

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನೀರು ಪರೀಕ್ಷೆಯ ಬಾಟಲಿಗಳಿರುವ ಒಂದು ಪೆಟ್ಟಿಗೆ ಕೊಡುತ್ತಾರೆ. ನಾನಾಗಿದ್ದರೆ ಅದರೊಳಗೆ ಒಂದು ನಿಂಬೆಹಣ್ಣನ್ನೂ ಇಟ್ಟು ಕೊಡುತ್ತಿದ್ದೆ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನನ್ನ ಬುದ್ಧಿಯ ವಿಷಯ ಹೇಳಿಬಿಡುವುದು ವಾಸಿ. ನನ್ನದು ಅನುಮಾನದ ಬುದ್ಧಿ. ಹಾಲಿನವನು ಹಾಲು ಅಳೆದು ಕೊಟ್ಟರೆ ಅವನ ಎದುರಿಗೇ ಬೆರಳು ಅದ್ದಿ ನೋಡುವವಳು ನಾನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಎಲ್ಲಿ ಬಸ್ಸಿಳಿದರೂ ಜನ ‘ಅನುಮಾನದ ಗೌರಮ್ಮ ಬಂದ್ಲು’ ಅನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ನನಗೇನೂ ಬೇಜಾರಾಗುತ್ತಿರಲಿಲ್ಲ. ಮೀನು, ನೀರು, ಕಲ್ಲು ಈ ಮೂರನ್ನೂ ಹೊಂದಿಸಿಕೊಂಡು ಹೋಗಬೇಕಾದ ಕೆಲಸದಲ್ಲಿ ಅನುಮಾನ ಇಲ್ಲದವರು ಬಾಳಿಕೆ ಬರುವುದಿಲ್ಲ.

ಕೆಲಸ ಇಷ್ಟೇ. ಒಂದು ತೊಟ್ಟಿಯಲ್ಲಿ ಮೀನು. ಪಕ್ಕದಲ್ಲಿ, ಸ್ವಲ್ಪ ಎತ್ತರಕ್ಕೆ, ಗಿಡದ ತೊಟ್ಟಿ. ಗಿಡದ ತೊಟ್ಟಿಯಲ್ಲಿ ಮಣ್ಣಿರುವುದಿಲ್ಲ, ಕಲ್ಲಿನ ಚೂರೋ ಹೆಂಚಿನ ಚೂರೋ ತುಂಬಿರುತ್ತದೆ. ಮೀನಿನ ಹೊಲಸು ನೀರನ್ನು ಪಂಪು ಮೇಲಕ್ಕೆತ್ತುತ್ತದೆ. ನೀರು ಮೊದಲು ಒಂದು ಡ್ರಮ್ಮಿಗೆ ಹೋಗಿ, ಗಸಿಯನ್ನೆಲ್ಲ ಅಲ್ಲಿ ಬಿಟ್ಟು, ಆಮೇಲೆ ಗಿಡದ ತೊಟ್ಟಿಗೆ ಇಳಿಯುತ್ತದೆ. ಆ ಚೂರುಗಳ ಮೈಗೆ ಅಂಟಿಕೊಂಡ ಕಣ್ಣಿಗೆ ಕಾಣದ ಜೀವಿಗಳು ಮಿಕ್ಕ ಹೊಲಸನ್ನು ಗೊಬ್ಬರ ಮಾಡುತ್ತವೆ, ಬೇರು ಅದನ್ನು ಹೀರುತ್ತದೆ, ತಿಳಿಯಾದ ನೀರು ಮತ್ತೆ ಮೀನಿಗೆ ಬರುತ್ತದೆ. ಇದಕ್ಕೆ ಆಕ್ವಾಪೋನಿಕ್ಸ್ ಅಂತ ಹೆಸರು. ನಮ್ಮ ಕಡೆ ಜನ ‘ಮೀನ್ ತೋಟ’ ಅಂದರು, ನಾನೂ ಹಾಗೇ ಅನ್ನುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಸಂಸ್ಥೆ ಈ ಮೀನ್ ತೋಟಗಳನ್ನು ಸಣ್ಣ ರೈತರ ಹಿತ್ತಿಲಲ್ಲಿ ಹಾಕಿಸಿಕೊಡುತ್ತಿತ್ತು. ಅವು ನಡೆಯುತ್ತವೋ ಇಲ್ಲವೋ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ.

ಶುರುವಿನಲ್ಲಿ ಗಿಡದ ತೊಟ್ಟಿಗೆ ತುಂಬಲು ಸುಟ್ಟ ಜೇಡಿಮಣ್ಣಿನ ಗುಂಡುಗಳನ್ನು ಎಲ್ಲಿಂದಲೋ ಮೂಟೆಗಟ್ಟಲೆ ತರಿಸುತ್ತಿದ್ದರು. ನೋಡಲು ಚೆಂದ, ಹಗುರ, ಆದರೆ ದುಬಾರಿ. ತೊಟ್ಟಿಗಿಂತ ಅದರೊಳಗಿನ ಗುಂಡೇ ದುಬಾರಿ ಅಂದರೆ ಯಾವ ರೈತ ಕೈಹಾಕುತ್ತಾನೆ? ಊರಲ್ಲಿ ಸಿಗುವುದನ್ನೇ ಹುಡುಕಿ ಅಂತ ಮೇಲಿನಿಂದ ಮಾತು ಬಂತು. ಅಲ್ಲಿಂದ ಶುರುವಾಯಿತು ನನ್ನ ಅನುಮಾನಕ್ಕೆ ಕೈತುಂಬ ಕೆಲಸ. ಅಗ್ಗದ ವಸ್ತು ಅಂದರೆ ಹಿಂದೆ ಬೇರೆ ಯಾವುದೋ ಕೆಲಸಕ್ಕೆ ಬಳಸಿದ ವಸ್ತು. ಅದು ಹಿಂದೆ ಏನಾಗಿತ್ತು, ಯಾರ ಮನೆಯಲ್ಲಿತ್ತು, ಮೈಗೆ ಏನು ಮೆತ್ತಿಕೊಂಡಿದೆ ಅಂತ ಕೇಳದೆ ತೊಟ್ಟಿಗೆ ಸುರಿಯಬೇಡಿ. ಹೆಣ್ಣು ನೋಡಲು ಹೋದವರು ವಿಚಾರಿಸುತ್ತಾರಲ್ಲ, ಹಾಗೆ ವಿಚಾರಿಸಿ.

ನಿಂಬೆಹಣ್ಣಿನ ಮಾತಿಗೆ ಬರುತ್ತೇನೆ. ಅಂತರಸಂತೆಯಲ್ಲಿ ಒಂದು ಮೀನ್ ತೋಟಕ್ಕೆ ಒಬ್ಬ ವ್ಯಾಪಾರಿ ಟ್ರ್ಯಾಕ್ಟರಿನಲ್ಲಿ ಬೆಳ್ಳನೆಯ ಕಲ್ಲು ತಂದು ಸುರಿದ. ‘ನೋಡ್ರವ್ವ, ಮಲ್ಲಿಗೆ ಊವಿದ್ದಂಗದೆ,’ ಅಂದ. ಇತ್ತು, ಸುಳ್ಳೇನಲ್ಲ. ಕೆಲವು ವಾರಗಳಲ್ಲಿ ಗಿಡದ ಚಿಗುರೆಲ್ಲ ಹಳದಿಯಾಯಿತು. ಗೊಬ್ಬರ ಕಮ್ಮಿ ಅಂದರು ಒಬ್ಬರು, ಕಾಡಂಚಿನ ಚಳಿ ಅಂದರು ಇನ್ನೊಬ್ಬರು, ಆ ಮನೆಯ ಅಜ್ಜಿ ಯಾರದೋ ದೃಷ್ಟಿ ಅಂದರು. ನಾನು ಅವತ್ತಿನ ಸಂತೆಯಿಂದ ಒಂದು ನಿಂಬೆಹಣ್ಣು ತಂದು ಒಣಗಿದ ಕಲ್ಲಿನ ಮೇಲೆ ಹಿಂಡಿದೆ. ಬುಸ್ ಅಂತ ನೊರೆ ಎದ್ದಿತು. ಸುಣ್ಣದ ಕಲ್ಲು! ಅದು ಕರಗಿ ಕರಗಿ ನೀರನ್ನು ಕ್ಷಾರ ಮಾಡಿತ್ತು, ಅಂಥ ನೀರಿನಲ್ಲಿ ಗಿಡ ಕಬ್ಬಿಣದ ಅಂಶ ಎಳೆದುಕೊಳ್ಳಲಾರದು. ವ್ಯಾಪಾರಿಯನ್ನು ಕರೆಸಿದರೆ ಅವನು ಕಲ್ಲು ನೋಡಲಿಲ್ಲ, ನನ್ನ ಕೈಯಲ್ಲಿದ್ದ ನಿಂಬೆ ಸಿಪ್ಪೆಯನ್ನೇ ನೋಡಿದ. ‘ಅದ್ಯಾವ್ ನಿಂಬೆಅಣ್ಣೋ ಏನೋ, ಮಾಟುದ್ ತರ ಅದೆ ಬುಡಿ,’ ಅಂತ ಟ್ರ್ಯಾಕ್ಟರು ಹತ್ತಿದ. ಅವತ್ತಿನಿಂದ ನನ್ನ ಚೀಲದಲ್ಲಿ ನಿಂಬೆಹಣ್ಣು ತಪ್ಪಿದ್ದಿಲ್ಲ.

ಆಮೇಲೆ ಹಳೇ ಹೆಂಚು ಕೈಹಿಡಿಯಿತು. ಪಿರಿಯಾಪಟ್ಟಣದ ಸುತ್ತ ಹೆಂಚಿನ ಮನೆಗಳನ್ನು ಕೆಡವಿ ತಾರಸಿ ಹಾಕಿಸುತ್ತಿದ್ದ ಕಾಲ. ಒಡೆದ ಹೆಂಚು ರಸ್ತೆ ಬದಿಯಲ್ಲಿ ಗುಡ್ಡೆ ಬಿದ್ದಿರುತ್ತಿತ್ತು. ಹುಣಿಸೆ ಬೀಜಕ್ಕಿಂತ ಸ್ವಲ್ಪ ದಪ್ಪ ಚೂರು ಮಾಡಿ, ಕೆಂಪು ನೀರು ಹೋಗುವವರೆಗೂ ತೊಳೆದರೆ ಅದಕ್ಕಿಂತ ಒಳ್ಳೆಯ ವಸ್ತು ಬೇರೆ ಬೇಡ. ಮೈಯೆಲ್ಲ ಸಣ್ಣ ತೂತು, ಜೀವಿಗಳಿಗೆ ಮನೆಯಿದ್ದ ಹಾಗೆ. ತೆಂಗಿನ ನಾರೂ ನೋಡಿದೆವು. ಅದು ಮೊದಮೊದಲು ನೀರನ್ನು ಚಹಾ ಮಾಡುತ್ತದೆ, ಆಮೇಲೆ ಕೊಳೆತು ಪೈಪು ಕಟ್ಟಿಸುತ್ತದೆ. ಸಸಿ ಎಬ್ಬಿಸಲು ಸರಿ, ತೊಟ್ಟಿ ತುಂಬಲು ಬೇಡ.

ಈ ಹೆಂಚಿನ ಚೂರಿನ ಮೊದಲ ತೋಟಗಳಲ್ಲಿ ಒಂದು ಶಿವಣ್ಣನವರದು. ಪಿರಿಯಾಪಟ್ಟಣದ ಹತ್ತಿರದ ಊರು, ಹೊಗೆಸೊಪ್ಪು ಬೆಳೆಯುವ ಮನೆ. ಶಿವಣ್ಣ ಬಾಯಿಬಡುಕರು, ಒಳ್ಳೆಯವರು. ಅವರ ಹೆಂಡತಿ ಮಂಗಳಮ್ಮ ಮಡಿ, ಚೊಕ್ಕಟ ಅಂದರೆ ಜೀವ ಬಿಡುವವರು. ಸೊಸೆ ಸುಮ ಕೆ.ಆರ್. ನಗರದ ಕಡೆಯ ಭತ್ತದ ಸೀಮೆಯ ಹುಡುಗಿ, ಆಗತಾನೇ ಮದುವೆಯಾಗಿ ಬಂದಿದ್ದಳು. ಮೀನ್ ತೋಟ ನಡೆಸುತ್ತಿದ್ದದ್ದು ಮಂಗಳಮ್ಮ. ಮೊದಲನೇ ವರ್ಷವೇ ಗೌರಿ ಹಬ್ಬಕ್ಕೆ ಮನೆಯೆಲ್ಲ ತೊಳೆಯುವಾಗ ಗಿಡದ ತೊಟ್ಟಿಯ ಹೆಂಚಿನ ಚೂರನ್ನೂ ತೆಗೆದು, ಬ್ಲೀಚಿಂಗ್ ಪೌಡರ್ ಹಾಕಿ, ತಿಕ್ಕಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ ಮತ್ತೆ ತುಂಬಿಸಿದ್ದರು. ಜೀವಿಗಳೆಲ್ಲ ಸತ್ತು ನೀರು ನಾರತೊಡಗಿತು. ನಾನು ಹೋಗಿ ತಲೆ ಚಚ್ಚಿಕೊಂಡೆ.

‘ಅಷ್ಟೊಂದು ಪಾಚಿ ಕಟ್ಟಿತ್ತು ಕಣ್ರವ್ವ, ಅಬ್ಬದ್ ದಿನ ಅಂಗೇ ಬುಡಕ್ಕಾಯ್ತದಾ?’ ಅಂದರು ಮಂಗಳಮ್ಮ.

‘ಆ ಅಂಟೇ ನಮ್ಮ ಬಂಡವಾಳ ಮಂಗಳಮ್ಮ. ಅದನ್ನ ಮುಟ್ಟಬೇಡಿ.’

‘ಸರಿ ಬುಡಿ, ಕಲ್ ಮುಟ್ಟಾಕಿಲ್ಲ,’ ಅಂದರು. ಮಾತಿಗೆ ತಪ್ಪಲಿಲ್ಲ. ಕಲ್ಲು ಮುಟ್ಟಲೇ ಇಲ್ಲ.

ಇನ್ನು ರಹಮತ್ ಸಾಬರು. ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಸೇತುವೆಯಿಂದ ಪೇಟೆಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ಹಳೇ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಕೊಂಡು, ತೊಳೆದು, ನಲ್ಲಿ ಕೂರಿಸಿ ಮಾರುತ್ತಿದ್ದರು. ಪೇಟೆಯಲ್ಲಿ ಅರ್ಧ ಮನೆಗಳು ಕುಡಿಯುವ ನೀರು ತುಂಬಿಡುತ್ತಿದ್ದದ್ದು ಅವರ ಡ್ರಮ್ಮಿನಲ್ಲೇ. ನಮ್ಮ ಶೋಧಕ ಡ್ರಮ್ಮುಗಳನ್ನು ಮಾಡಿಕೊಡುತ್ತಿದ್ದವರೂ ಅವರೇ. ನೀರು ಒಳಗೆ ಸುತ್ತುಹಾಕಿ ಇಳಿಯುವಂತೆ ಪೈಪನ್ನು ಓರೆಯಾಗಿ ಕೂರಿಸುವುದು, ಗಸಿ ತಳದಲ್ಲಿ ನಿಲ್ಲುವಂತೆ ಮಾಡುವುದು, ಮೇಲ್ಗಡೆ ನೆರಳುಬಲೆ ಮಡಿಸಿ ತುಂಬುವುದು, ಎಲ್ಲ ಅಚ್ಚುಕಟ್ಟು. ನಾನು ಹೋದಾಗಲೆಲ್ಲ ಒಂದೊಂದು ಡ್ರಮ್ಮಿನ ಮುಚ್ಚಳ ತೆಗೆಸಿ, ಒಳಗೆ ತಲೆ ಹಾಕಿ ಮೂಸುತ್ತಿದ್ದೆ. ಉಪ್ಪಿನಕಾಯಿ, ಸಕ್ಕರೆ ಪಾಕ, ಹಣ್ಣಿನ ರಸದ ಡ್ರಮ್ಮು ಸರಿ. ಔಷಧಿಯ ಘಾಟು ಬಂದರೆ ಆಚೆ.

‘ಕ್ಯಾ ಮೇಡಂ, ನಾನ್ ಮುಸಲ್ಮಾನ, ಯಾಪಾರದಲ್ಲಿ ಈಮಾನ್ ಇಟ್ಕಂಡೋನು. ಯಾವ ಡ್ರಮ್ಮು ಎಲ್ಲಿಂದ ಬಂತು ನಂಗೆ ಗೊತ್ತು. ಪ್ರತೀ ಸಲ ಮೂಸ್ತೀರಲ್ಲ?’ ಅನ್ನುತ್ತಿದ್ದರು.

‘ನಿಮಗೆ ಗೊತ್ತು ಸಾಬ್ರೇ, ನನಗೆ ಗೊತ್ತಿಲ್ಲವಲ್ಲ,’ ಅಂತ ನಾನು ಮುಂದಿನ ಡ್ರಮ್ಮಿಗೆ ತಲೆ ಹಾಕುತ್ತಿದ್ದೆ. ಅವರ ಮುಖ ಸಣ್ಣದಾಗುತ್ತಿತ್ತು, ಆದರೂ ಚಹಾ ತರಿಸುತ್ತಿದ್ದರು.

ನನಗೆ ನನ್ನ ಮೂಗಿನ ಮೇಲೆ ಬಹಳ ಹೆಮ್ಮೆ. ಕೊಳೆತ ಹಿಂಡಿ, ಹಳೇ ಮೀನಿನ ಆಹಾರ, ಪೈಪಿಗೆ ಹಚ್ಚಿದ ಅಂಟು ಆರಿಲ್ಲದಿರುವುದು, ಎಲ್ಲ ದೂರದಿಂದಲೇ ಹೇಳುತ್ತಿದ್ದೆ. ಬಾಟಲಿಯ ಪರೀಕ್ಷೆ ಆಮೇಲೆ, ಮೂಗಿನ ಪರೀಕ್ಷೆ ಮೊದಲು.

ಇಷ್ಟು ಹೇಳಿದ ಮೇಲೆ ಆ ದಿನಕ್ಕೆ ಬರಬಹುದು. ಹೊಗೆಸೊಪ್ಪಿನ ಮಾರಾಟ ಮುಗಿದು ಊರೆಲ್ಲ ಸ್ವಲ್ಪ ಕೈಬಿಡುವಾಗಿದ್ದ ಸಮಯ. ಶಿವಣ್ಣನವರ ತೋಟದ ಹಳೇ ಡ್ರಮ್ಮು ಬಿರುಕು ಬಿಟ್ಟಿತ್ತು ಅಂತ ರಹಮತ್ ಸಾಬರ ಹೊಸ ಡ್ರಮ್ಮು ಕೂರಿಸಿ ಬಂದಿದ್ದೆವು. ವಾರ ಕಳೆದಿತ್ತು. ಬೆಳಿಗ್ಗೆ ಶಿವಣ್ಣ ಫೋನು ಮಾಡಿದರು.

‘ಎಲ್ಲಾ ಓಯ್ತು ಕಣ್ರೀ ಗೌರಮ್ಮೋರೇ. ಒಂದೂ ಉಳ್ದಿಲ್ಲ. ಬಿಳೀ ಒಟ್ಟೆ ಮೇಲ್ ಮಾಡ್ಕಂಡ್ ತೇಲ್ತಾವೆ.’

ನಾನು ಹೋಗುವಷ್ಟರಲ್ಲಿ ನಮ್ಮ ಸಂಯೋಜಕರು ಬೈಕಿನಲ್ಲಿ ಬಂದು ಮುಗಿಸಿಯೂ ಆಗಿತ್ತು. ಪ್ರಸನ್ನ ಅಂತ, ನನಗಿಂತ ಬಹಳ ಚಿಕ್ಕವರು, ಚುರುಕು. ಎಲ್ಲದಕ್ಕೂ ‘ಕ್ಲಿಯರ್ ಕೇಸ್’ ಅನ್ನುವುದು ಅವರ ಅಭ್ಯಾಸ. ‘ಕ್ಲಿಯರ್ ಕೇಸ್ ಗೌರಮ್ಮ. ಡ್ರಮ್ ಚೇಂಜ್ ಆಯ್ತು, ಫಿಶ್ ಸತ್ತವು. ಔಷಧಿ ಡ್ರಮ್ ಕೊಟ್ಟಿದಾನೆ. ನಾಳೆಯಿಂದ ಅವನ ಹತ್ರ ಏನೂ ತಗೊಳ್ಳೋದು ಬೇಡ. ಎಲ್ಲಾ ತೋಟಗಳಿಗೂ ಹೇಳ್ಬಿಡೋಣ, ಅವನ ಡ್ರಮ್ ತೆಗೆದುಬಿಡಲಿ.’

ಹಿತ್ತಿಲ ತುಂಬ ಜನ. ಯಾರೋ ‘ಸಾಬ್ರು ಅಂಗ್ಡಿ ಡ್ರಮ್ಮು, ಏನ್ ಆಕಿದ್ರೋ ಯಾವನ್ಗ್ ಗೊತ್ತು,’ ಅಂದರು. ಇನ್ನೊಬ್ಬರು ತಮ್ಮ ಮನೆಯಲ್ಲೂ ಅವರದೇ ನೀರಿನ ಡ್ರಮ್ಮಿದೆ, ಮೊನ್ನೆ ಮೊಮ್ಮಗುವಿಗೆ ವಾಂತಿಯಾಗಿತ್ತು ಅಂತ ನೆನಪಿಸಿಕೊಂಡರು. ಮಾತು ಮೀನಿನಿಂದ ಮಗುವಿಗೆ ಹೋಯಿತು. ಇದು ಸಂಜೆಯೊಳಗೆ ಬಸ್ಸು ಹತ್ತಿ ಹುಣಸೂರಿಗೆ ಹೋಗುತ್ತದೆ, ಪೇಟೆಯಲ್ಲಿ ವಿಷದ ಡ್ರಮ್ಮು ಅನ್ನುವ ಒಂದು ಮಾತು ಬಿದ್ದರೆ ರಹಮತ್ ಸಾಬರು ಅಂಗಡಿ ಮುಚ್ಚಿಕೊಂಡು ಹೋಗಬೇಕು. ಬೇರೆ ಕೆಲಸ ಕಲಿಯುವ ವಯಸ್ಸೂ ಅವರದಲ್ಲ.

ಅವರು ಮೋಸ ಮಾಡಿರಲಾರರು ಅಂತ ನನಗೆ ಅನ್ನಿಸಿತೇ? ಇಲ್ಲ. ನನಗೂ ಮೊದಲು ಅನುಮಾನ ಬಂದದ್ದು ಡ್ರಮ್ಮಿನ ಮೇಲೆಯೇ. ಆದರೆ ಅನುಮಾನ ಬಂದರೆ ನನಗೆ ನೋಡದೆ ಇರಲು ಆಗುವುದಿಲ್ಲ. ಪ್ರಸನ್ನ ಅವರಿಗೆ ಅನುಮಾನವೇ ಇರಲಿಲ್ಲ, ಹಾಗಾಗಿ ಅವರು ನೋಡಲೂ ಇಲ್ಲ. ಎರಡು ದಿನ ಯಾರಿಗೂ ಏನೂ ಹೇಳಬೇಡಿ ಅಂತ ಅವರ ಕೈಕಾಲು ಹಿಡಿದು ಒಪ್ಪಿಸಿದೆ. ಊರವರ ಬಾಯನ್ನು ಹಿಡಿಯಲು ಆಗಲಿಲ್ಲ.

ಶಿವಣ್ಣನವರನ್ನು ಕೂರಿಸಿಕೊಂಡು ಕೇಳಿದೆ. ‘ಸಾಯುವಾಗ ಮೀನು ಹೇಗಿದ್ದವು? ಬಾಯಿ ಮೇಲೆತ್ತಿ ಗುಟುಕರಿಸುತ್ತಿದ್ದವಾ?’

‘ಇಲ್ಲ ಕಣ್ರೀ. ಸುತ್ತುಸುತ್ತು ತಿರುಗ್ತಿದ್ವು. ಉಚ್ ಇಡ್ದೋರಂಗೆ. ಗೋಡೆಗೆ ಡಿಕ್ಕಿ ಒಡ್ದು ಅದುರ್ತಿದ್ವು.’

ಗಾಳಿ ಸಾಲದೆ ಸಾಯುವ ಮೀನು ಮೇಲೆ ಬಂದು ಗುಟುಕರಿಸುತ್ತದೆ. ಇದು ಹಾಗಲ್ಲ, ವಿಷವೇ. ಬಾಟಲಿ ಪರೀಕ್ಷೆಯಲ್ಲಿ ಹೊಲಸಿನ ಅಂಶ ಹೆಚ್ಚಿರಲಿಲ್ಲ. ಹೆಂಚಿನ ಚೂರಿಗೆ ನಿಂಬೆ ಹಿಂಡಿದೆ, ನೊರೆ ಬರಲಿಲ್ಲ. ಅಂದಮೇಲೆ ಡ್ರಮ್ಮು. ಮುಚ್ಚಳ ತೆಗೆದು ಮೂಸಿದೆ. ಪಾಚಿ, ಮೀನು, ಒದ್ದೆ ಗೋಣಿಯ ವಾಸನೆ. ಗೋಣಿ? ನಾವು ತುಂಬಿದ್ದು ನೆರಳುಬಲೆಯಲ್ಲವೇ?

‘ಆ ಬಲೆ ಗಸಿ ಕಟ್ಟಿ ಅಸಯ್ಯ ಆಗಿತ್ತು ಕಣ್ರವ್ವ,’ ಅಂದರು ಮಂಗಳಮ್ಮ. ‘ಅದುನ್ ತಗ್ದು ಗೋಣಿ ಆಕಿವ್ನಿ. ಮೆತ್ಗದೆ, ನೀರು ಸೆಂದಾಗ್ ಸೋಸ್ತದೆ. ಒಗ್ದು, ಬಿಸ್ಲಿಗಾಕಿ, ಆಮೇಲೇ ಆಕಿದ್ದು. ಕಲ್ ಮುಟ್ಟಿಲ್ಲ.’

ಗೋಣಿಯನ್ನು ಈಚೆ ತೆಗೆದು ಮೂಗಿಗೆ ಹಿಡಿದೆ. ಹಿಂಡಿ ಮತ್ತೆ ಹಿಡಿದೆ. ಗೋಣಿ ಗೋಣಿಯ ಹಾಗೇ ಇತ್ತು. ಒಗೆದದ್ದೂ ನಿಜ. ಒಳಗೊಳಗೇ ಮಂಗಳಮ್ಮನ ಚೊಕ್ಕಟಕ್ಕೆ ನಗು ಬಂದು ಗೋಣಿಯನ್ನು ಕಟ್ಟೆಯ ಮೇಲೆ ಎಸೆದೆ. ಆಗಲೇ ಸುಮ ಚಹಾ ತಂದಳು. ಅವಳು ಆಗ ಬಸುರಿ, ಮೂರೋ ನಾಲ್ಕೋ ತಿಂಗಳು. ಲೋಟ ಕೊಟ್ಟವಳೇ ಸೆರಗು ಮೂಗಿಗೆ ಒತ್ತಿಕೊಂಡು ಆಚೆ ಓಡಿದಳು.

‘ಅದ್ಕೆ ಏನ್ ಕಂಡ್ರೂ ವಾಕರ್ಕೆ,’ ಅಂದರು ಮಂಗಳಮ್ಮ. ‘ಎರಡ್ ದಿನದಿಂದ ಈ ಇತ್ಲು ಕಡೀಕೇ ಬರಾಕಿಲ್ಲ ಅಂತಾಳೆ. ಒಗ್ಗರಣೆ ಆಗಾಕಿಲ್ಲ, ಸೋಪಾಗಾಕಿಲ್ಲ. ಬಸ್ರಿ ಮೂಗು.’

ಎಲ್ಲರೂ ನಕ್ಕರು, ನಾನೂ ನಕ್ಕೆ.

ಡ್ರಮ್ಮನ್ನು ಬಿಚ್ಚಿಸಿ, ಒಂದು ಆಟೋದಲ್ಲಿ ಹಾಕಿಸಿಕೊಂಡು ಹುಣಸೂರಿಗೆ ಹೋದೆ. ರಹಮತ್ ಸಾಬರಿಗೆ ಸುದ್ದಿ ಆಗಲೇ ತಲುಪಿತ್ತು. ಅಂಗಡಿಯ ಮುಂದೆ ಇಬ್ಬರು ತಮ್ಮ ಮನೆಯ ಡ್ರಮ್ಮು ವಾಪಸು ತಂದು ಇಳಿಸುತ್ತಿದ್ದರು. ಸಾಬರು ಅವನ್ನು ಒಳಗೆ ತೆಗೆದಿಟ್ಟುಕೊಳ್ಳುತ್ತಿದ್ದರು. ನನ್ನನ್ನು ನೋಡಿ, ‘ಇದು ಮಾವಿನ ರಸದ ಡ್ರಮ್ಮು ಮೇಡಂ. ಖುದ್ದಾಗಿ ತೊಳ್ದಿದೀನಿ. ನಲವತ್ ವರ್ಷದ ಇಜ್ಜತ್,’ ಅಂದರು. ನಂಬುತ್ತೇನೆ ಅಂತ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ.

‘ಇದಕ್ಕೆ ನೀರು ತುಂಬಿಸಿ. ಮೀನು ಬಿಡೋಣ,’ ಅಂದೆ.

ಕೆರೆಯಿಂದ ಹಿಡಿಸಿ ತಂದ ನಾಲ್ಕು ಜಿಲೇಬಿ ಮೀನು ಬಿಟ್ಟೆವು. ಮರುದಿನವೂ ಹಾಯಾಗಿ ಓಡಾಡಿಕೊಂಡಿದ್ದವು. ಸಾಬರು ಅವಕ್ಕೆ ಅನ್ನದ ಅಗುಳು ಹಾಕುತ್ತ ಡ್ರಮ್ಮಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕುಳಿತಿದ್ದರು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಫೋನು ಮಾಡಿದರೆ ಪ್ರಸನ್ನ, ‘ವಿಷ ಇದ್ದದ್ದು ತೋಟದ ನೀರಿಗೆ ಹೋಗಿಬಿಟ್ಟಿದೆ ಗೌರಮ್ಮ, ಈಗ ಡ್ರಮ್ ಕ್ಲೀನ್ ಆಗಿದೆ ಅಷ್ಟೇ. ಇದರಿಂದ ಏನೂ ಪ್ರೂವ್ ಆಗಲ್ಲ,’ ಅಂದರು. ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸರಿಯಿತ್ತು. ಡ್ರಮ್ಮಿನ ತಪ್ಪಲ್ಲ ಅನ್ನಬೇಕಾದರೆ ಯಾವುದರ ತಪ್ಪು ಅಂತ ತೋರಿಸಬೇಕು.

ಅವತ್ತು ಮಧ್ಯಾಹ್ನ ಮತ್ತೆ ಶಿವಣ್ಣನವರ ಮನೆಗೆ ಹೋದೆ. ನನಗೆ ಅಕ್ಕಪಕ್ಕದವರ ಮೇಲೆಲ್ಲ ಅನುಮಾನ. ಬೇಲಿ ಹಾರಿ ಯಾರಾದರೂ ಬಂದರಾ, ಹೊಲಕ್ಕೆ ಹೊಡೆದ ಔಷಧಿಯ ಪಂಪನ್ನು ಇಲ್ಲಿ ತೊಳೆದರಾ ಅಂತ ಎಲ್ಲರನ್ನೂ ಕೆಣಕಿದೆ. ಊರಲ್ಲಿ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಮಾಡಿದ್ದೊಂದೇ ಲಾಭ. ಸೋತು ಸುಣ್ಣವಾಗಿ ಜಗಲಿಯ ಮೇಲೆ ಕುಳಿತೆ. ಒಳಗಿನಿಂದ ಸುಮ ನೀರು ತಂದಳು. ಹಿತ್ತಿಲ ಕಡೆ ಬರದವಳು ಜಗಲಿಗೆ ಬಂದಿದ್ದಳು, ಮೂಗಿನ ಮೇಲೆ ಸೆರಗಿರಲಿಲ್ಲ.

‘ಈಗ ವಾಕರಿಕೆ ವಾಸಿನಾ?’ ಅಂತ ಸುಮ್ಮನೆ ಕೇಳಿದೆ.

‘ಇಲ್ಲಿ ಆಗಾಕಿಲ್ಲಕ್ಕ. ಇತ್ಲಿಗೋದ್ರೆ ಆಯ್ತದೆ. ಆ ನೀರು ಒಗೆಸೊಪ್ಪು ನಾರ್ತದೆ.’

‘ಯಾವ ನೀರು?’

‘ಮೀನ್ದು. ಆ ಗೋಣಿ ಆಕ್ದಾಗ್ನಿಂದ. ಅತ್ತೆಮ್ಮಂಗೆ ಯೋಳ್ದೆ, ನಗಾಡುದ್ರು. ನಿಮ್ಗೆ ಬರ್ನಿಲ್ವಾ ವಾಸ್ನೆ? ನೀವು ಅಷ್ಟೊತ್ತು ಮೂಗಿಗ್ ಇಡ್ಕಂಡಿದ್ರಲ್ಲ!’

ನಾನು ಎದ್ದು ಹಿತ್ತಿಲಿಗೆ ಓಡಿದೆ. ಗೋಣಿ ಕಟ್ಟೆಯ ಮೇಲೆ ನಾನು ಎಸೆದ ಹಾಗೇ ಬಿದ್ದು ಒಣಗಿತ್ತು. ಬಿಡಿಸಿ ಹರಡಿದೆ. ಹೊಗೆಸೊಪ್ಪಿನ ಬೇಲು ಕಟ್ಟುವ ಗೋಣಿ. ನೇಯ್ಗೆಯ ಸಂದುಗಳಲ್ಲಿ ಕಂದು ಪುಡಿ, ಹೊಲಿಗೆಯ ಮಡಿಕೆಯಲ್ಲಿ ಎಲೆಯ ಚೂರು ಹಾಗೇ ಇದ್ದವು. ಅಂಥ ಗೋಣಿಯನ್ನು ಮಡಿಸಿ ಮಡಿಸಿ ಡ್ರಮ್ಮು ತುಂಬ ತುರುಕಿ, ಅದರ ಮೂಲಕ ಹಗಲೂ ರಾತ್ರಿ ನೀರು ಹರಿಸಿದ್ದರು. ಹೊಗೆಸೊಪ್ಪಿನ ಕಷಾಯ ಮೀನಿಗೆ ಏನು ಮಾಡುತ್ತದೆ ಅಂತ ನನಗೆ ಗೊತ್ತಿಲ್ಲದ್ದಲ್ಲ. ಹಿಂದಿನವರು ಕೆರೆಯ ಬೇಡದ ಮೀನನ್ನು ಕೊಲ್ಲಲು ಅದರ ಪುಡಿಯನ್ನೇ ಎರಚುತ್ತಿದ್ದರು.

ಮತ್ತೆ ಮೂಗಿಗೆ ಹಿಡಿದೆ. ಈಗಲೂ ಬರೀ ಗೋಣಿ!

ನಾನು ಹುಟ್ಟಿದ್ದು ಗಾವಡಗೆರೆಯ ಕಡೆ, ಹೊಗೆಸೊಪ್ಪಿನ ಮನೆಯಲ್ಲಿ. ಸೊಪ್ಪು ಬೇಯಿಸುವ ಮನೆಗೆ ಬ್ಯಾರನ್ನು ಅನ್ನುತ್ತೇವೆ, ಅದರ ಬಾಗಿಲಲ್ಲೇ ತೊಟ್ಟಿಲು ಕಟ್ಟಿದ್ದರಂತೆ. ಸೊಪ್ಪು ಬೇಯಿಸುವ ದಿನಗಳಲ್ಲಿ ಅನ್ನಕ್ಕೆ, ಹಾಸಿಗೆಗೆ, ಅಮ್ಮನ ಕೈಗೆ ಅದೇ ವಾಸನೆ. ಅದು ನನ್ನ ಮೂಗಿಗೆ ವಾಸನೆಯೇ ಅಲ್ಲ, ಬರೀ ಗಾಳಿ. ಮಂಗಳಮ್ಮನಿಗೂ ಅಷ್ಟೇ, ಶಿವಣ್ಣನಿಗೂ ಅಷ್ಟೇ, ಹಿತ್ತಿಲಲ್ಲಿ ನೆರೆದಿದ್ದ ಇಡೀ ಊರಿಗೂ ಅಷ್ಟೇ. ಅಷ್ಟು ಜನರಲ್ಲಿ ವಾಸನೆ ಗೊತ್ತಾಗುವ ಮೂಗಿದ್ದದ್ದು ಭತ್ತದ ಸೀಮೆಯಿಂದ ಬಂದ ಆ ಹುಡುಗಿಯೊಬ್ಬಳಿಗೆ. ಲೋಕವನ್ನೆಲ್ಲ ಅನುಮಾನಿಸಿದ ನಾನು ನನ್ನ ಮೂಗೊಂದನ್ನು ಅನುಮಾನಿಸಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಜಗಲಿಗೆ ವಾಪಸು ಬಂದು ಸುಮಳ ಕೈ ಹಿಡಿದುಕೊಂಡು ನಿಂತೆ.

ಮರುದಿನ ಎಲ್ಲರ ಎದುರಿಗೆ, ಪ್ರಸನ್ನ ಅವರನ್ನೂ ಕೂರಿಸಿಕೊಂಡು, ಎರಡು ಬಕೆಟ್ ಇಟ್ಟೆ. ಎರಡಕ್ಕೂ ಅದೇ ಬಾವಿಯ ನೀರು. ಒಂದರಲ್ಲಿ ಹಿಂದಿನ ಸಂಜೆಯೇ ಗೋಣಿಯ ತುಂಡು ನೆನೆಹಾಕಿದ್ದೆ. ಎರಡಕ್ಕೂ ಮೀನು ಬಿಟ್ಟೆ. ಗೋಣಿಯ ಬಕೆಟ್ಟಿನ ಮೀನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಸುತ್ತು ತಿರುಗಿ, ಬಕೆಟ್ಟಿನ ಗೋಡೆಗೆ ಹಾಯ್ದು ಅದುರತೊಡಗಿತು. ಇನ್ನೊಂದು ಬಕೆಟ್ಟಿನದು ಹಾಯಾಗಿ ಈಜುತ್ತಿತ್ತು. ಶಿವಣ್ಣ, ‘ಇಂಗೇ ಕಣ್ರೀ, ಇಂಗೇ ತಿರುಗ್ತಿದ್ದದ್ದು!’ ಅಂದರು. ಆ ಬಡಪಾಯಿ ಮೀನನ್ನು ತೆಗೆದು ಒಳ್ಳೆಯ ನೀರಿಗೆ ಬಿಟ್ಟೆ, ಬದುಕಲಿಲ್ಲ. ಪ್ರಸನ್ನ ‘ಓಕೆ ಗೌರಮ್ಮ,’ ಅಂದರು. ಕ್ಲಿಯರ್ ಕೇಸ್ ಅನ್ನಲಿಲ್ಲ.

ಮಂಗಳಮ್ಮ ಗೋಣಿಯ ಕಡೆ ನೋಡುತ್ತ, ‘ನಾನೇ ಒಗ್ದು ಆಕ್ದೆ,’ ಅಂತ ಕಣ್ಣೊರೆಸಿಕೊಂಡರು. ಸುಮ ದೂರದಲ್ಲಿ ನಿಂತಿದ್ದವಳು, ‘ಬುಡಿ ಅತ್ತೆಮ್ಮ, ನಿಮ್ಗೆ ಗೊತ್ತಾಯ್ತಿರ್ಲಿಲ್ಲ,’ ಅಂದಳು. ಮಂಗಳಮ್ಮ ಆ ಗೋಣಿಯನ್ನು ತಾವೇ ಎತ್ತಿಕೊಂಡು ಹೋಗಿ ಹಳೇ ಬ್ಯಾರನ್ನಿನ ಒಲೆಗೆ ಹಾಕಿ ಬಂದರು.

ನಿಜ ತಿಳಿದದ್ದೇನೋ ಆಯಿತು. ಆದರೆ ಹೊರಗೆ ಹೋದ ಮಾತನ್ನು ವಾಪಸು ತರುವುದು ಹೇಗೆ? ನಾನು ನಾಲ್ಕು ಜನರಿಗೆ ಹೇಳಬಹುದು, ಪ್ರಸನ್ನ ಹತ್ತು ಜನರಿಗೆ ಫೋನು ಮಾಡಬಹುದು, ಅಷ್ಟೇ. ಆಗ ಶಿವಣ್ಣ ಮಾಡಿದ ಕೆಲಸವನ್ನು ನಾನು ಯಾವತ್ತೂ ಮರೆಯುವುದಿಲ್ಲ. ಸಂತೆಯ ದಿನ ನೋಡಿ, ಹುಣಸೂರಿಗೆ ಹೋಗಿ, ರಹಮತ್ ಸಾಬರ ಅಂಗಡಿಯಿಂದ ಕುಡಿಯುವ ನೀರಿನ ಒಂದು ದೊಡ್ಡ ನೀಲಿ ಡ್ರಮ್ಮು ಕೊಂಡರು. ಅದನ್ನು ಆಟೋಗೆ ಹಾಕಲಿಲ್ಲ. ಹೆಗಲ ಮೇಲೆ ಹೊತ್ತುಕೊಂಡು ಪೇಟೆಯ ಬೀದಿಯುದ್ದಕ್ಕೂ ಬಸ್ ಸ್ಟ್ಯಾಂಡಿನವರೆಗೆ ನಡೆದರು. ಕೇಳಿದವರಿಗೆಲ್ಲ, ‘ರಹಮತ್ ಸಾಬ್ರುದು ಕಣ್ಲಾ. ನನ್ ಮೀನ್ ಸತ್ತಿದ್ದು ನನ್ ಮನೆ ಗೋಣಿಂದ. ನಮ್ಮೂರೋರು ತಪ್ ಮಾತಾಡುದ್ರು,’ ಅಂತ ಬಾಯಿಬಿಟ್ಟು ಹೇಳಿದರು. ಊರಿಗೆ ಬಂದು ಡ್ರಮ್ಮನ್ನು ಜಗಲಿಯ ಮುಂದೆ, ಬೀದಿಗೆ ಕಾಣುವ ಹಾಗೆ ಇಟ್ಟು ತುಂಬಿಸಿದರು. ಮೊದಲ ಲೋಟ ನೀರನ್ನು ತಾವು ಕುಡಿಯಲಿಲ್ಲ, ಬಸುರಿ ಸೊಸೆಗೆ ಕೊಟ್ಟರು. ಅದಕ್ಕಿಂತ ದೊಡ್ಡ ಪ್ರಮಾಣ ನಮ್ಮ ಕಡೆ ಇಲ್ಲ. ವಾಪಸು ಬಂದಿದ್ದ ಡ್ರಮ್ಮುಗಳು ಒಂದೊಂದಾಗಿ ಮತ್ತೆ ಮನೆಗಳಿಗೆ ಹೋದವು.

ಇದರಿಂದ ನಮ್ಮ ಕೆಲಸದಲ್ಲೂ ಒಂದು ಪದ್ಧತಿ ಬದಲಾಯಿತು. ಆಮೇಲೆ ಯಾವ ಹೊಸ ವಸ್ತು ಬಂದರೂ, ಹೆಂಚಾಗಲಿ ಬಟ್ಟೆಯಾಗಲಿ ನಾರಾಗಲಿ, ಒಂದು ಬಕೆಟ್ಟಿನಲ್ಲಿ ನೆನೆಹಾಕಿ ಎರಡು ಮೀನು ಬಿಟ್ಟು ನೋಡದೆ ತೋಟಕ್ಕೆ ಹಾಕಿದ್ದಿಲ್ಲ. ಮೂಸುವುದಕ್ಕೆ ಆ ಊರಿನವರಲ್ಲದ ಒಬ್ಬರನ್ನು ಕರೆದುಕೊಂಡು ಹೋಗುತ್ತಿದ್ದೆವು. ನೀವೂ ಹಾಗೇ ಮಾಡಿ. ನಿಮ್ಮ ಮನೆಯ ವಾಸನೆ ನಿಮಗೆ ತಿಳಿಯುವುದಿಲ್ಲ.

ನಾನು ನಿವೃತ್ತಿಯಾದ ಮೇಲೆ ನನ್ನ ಹಿತ್ತಿಲಿಗೂ ಒಂದು ಚಿಕ್ಕ ಮೀನ್ ತೋಟ ಮಾಡಿಕೊಳ್ಳೋಣ ಅಂತ ಡ್ರಮ್ಮು ಕೊಳ್ಳಲು ರಹಮತ್ ಸಾಬರ ಅಂಗಡಿಗೆ ಹೋದೆ. ಜೊತೆಗೆ ಸುಮ ಇದ್ದಳು, ಕಂಕುಳಲ್ಲಿ ಮಗಳು. ಅಂಗಡಿಯ ಬಾಗಿಲಲ್ಲೇ ಒಂದು ಡ್ರಮ್ಮಿನಲ್ಲಿ ಜಿಲೇಬಿ ಮೀನುಗಳು ಈಜುತ್ತಿದ್ದವು. ಮಾರುವ ಮುಂಚೆ ಪ್ರತಿ ಡ್ರಮ್ಮಿನಲ್ಲೂ ಅವನ್ನು ಒಂದು ದಿನ ಬಿಟ್ಟು ನೋಡುತ್ತಾರಂತೆ. ಚಹಾ ಬಂತು. ಸಾಬರು ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಕೇಳಿದರು.

‘ನಿಜ ಹೇಳಿ ಮೇಡಂ. ಅವತ್ತು ನಿಮ್ಗೂ ನನ್ಮೇಲೆ ಅನುಮಾನ ಇತ್ತಾ?’

‘ಇತ್ತು ಸಾಬ್ರೇ. ಎಲ್ಲರಿಗಿಂತ ಮೊದಲು ನಿಮ್ಮ ಮೇಲೇ.’

ಅವರು ತಲೆಯಾಡಿಸಿದರು. ಮುಖ ಸಣ್ಣದಾಗಲಿಲ್ಲ. ‘ಅದಕ್ಕೇ ಉಳ್ಕಂಡೆ,’ ಅಂದರು. ‘ಅನುಮಾನ ಇದ್ದೋರು ನೀವೊಬ್ರು, ಡ್ರಮ್ಮು ಹೊತ್ಕಂಡು ಬಂದು ಮೀನ್ ಬಿಟ್ಟು ನೋಡಿದ್ರಿ. ಗ್ಯಾರಂಟಿ ಇದ್ದೋರು ಒಬ್ರೂ ನೋಡ್ಲಿಲ್ಲ.’

ಸಾಬರು ಎದ್ದು ಹೋಗಿ ಒಂದು ಡ್ರಮ್ಮನ್ನು ಉರುಳಿಸಿಕೊಂಡು ಬಂದು, ಮುಚ್ಚಳ ತೆಗೆದು, ಎಂದಿನಂತೆ ನನ್ನ ಕಡೆಗೆ ಓರೆ ಮಾಡಿ ಹಿಡಿದರು. ನಾನು ಮಗುವನ್ನು ನನ್ನ ಕಡೆ ಎತ್ತಿಕೊಂಡು, ಸುಮಳಿಗೆ ಜಾಗ ಬಿಟ್ಟೆ.